ಮಂಗಳ ಹಾಡದ ಗುಡ್ಡ

ಕಣವಿಹಾಳದ ಬಸ್ ನಿಲ್ದಾಣದಿಂದ ಪೂರ್ವಕ್ಕೆ ಒಂದು ಮೈಲಿ ನಡೆದರೆ ಸರಕಾರಿ ನಾಟಕ ಶಾಲೆಯ ಹಳದಿ ಗೋಡೆ ಕಾಣುತ್ತದೆ. ಗೋಡೆಯ ಹಿಂದೆ ಮರವಿಲ್ಲದ ಒಂದು ಗುಡ್ಡ. ಅದರ ನೆತ್ತಿಯಲ್ಲಿ ಮೊಣಕಾಲೆತ್ತರದ ಕಲ್ಲಿನ ಕಟ್ಟೆ, ಕಟ್ಟೆಯ ಎದುರಿನ ಇಳಿಜಾರಿನಲ್ಲಿ ಸಾಲು ಸಾಲಾಗಿ ಕಲ್ಲುಗಳು. ಕೆಲವು ಹೊಲದ ಗುಂಡುಗಲ್ಲು, ಕೆಲವು ಒಡೆದ ಒರಳು, ಸವೆದ ಬೀಸುವ ಕಲ್ಲಿನ ಅರ್ಧ. ಸರಕಾರದ ನಕಾಶೆಯಲ್ಲಿ ಈ ಗುಡ್ಡಕ್ಕೆ ಇರುವುದು ಒಂದು ನಂಬರು ಮಾತ್ರ. ಊರವರು ಮಂಗಳ ಹಾಡದ ಗುಡ್ಡ ಎನ್ನುತ್ತಾರೆ. ಹೊರಗಿನವರು ಹೆಸರು ಕೇಳಿದೊಡನೆ ಇದು ಕೆಟ್ಟ ಜಾಗ ಎಂದುಕೊಂಡು ದೂರದಿಂದಲೇ ಕೈಮುಗಿಯುತ್ತಾರೆ. ಕೆಟ್ಟದ್ದೇನೂ ಇಲ್ಲ. ನಾಟಕ ಮುಗಿದಾಗ ಎಲ್ಲ ಕಡೆ ಹಾಡುವ ಮಂಗಳದ ಹಾಡನ್ನು ಇಲ್ಲಿ ಯಾರೂ ಹಾಡುವುದಿಲ್ಲ, ಅಷ್ಟೇ. ಏಕೆ ಹಾಡುವುದಿಲ್ಲ ಎಂಬುದನ್ನು ನಾನು ನಾಲ್ವರು ಹಿರಿಯರಿಂದ ಕೇಳಿದ್ದೇನೆ. ಅವರ ಮಾತು ಒಂದಕ್ಕೊಂದು ಹೊಂದದ ಕಡೆ, ಯಾರ ಮನೆಯ ಕಲ್ಲು ಈ ಗುಡ್ಡದ ಮೇಲಿದೆಯೋ ಅವರ ಮಾತನ್ನೇ ನಂಬಿದ್ದೇನೆ.

ಹಿಂದೆ ಒಮ್ಮೆ, ಈ ಸೀಮೆ ಒಂದು ಚಿಕ್ಕ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ನಾಟಕದ ಹುಚ್ಚಿನ ದೊರೆಯೊಬ್ಬ ಪ್ರಜೆಗಳ ಕಂದಾಯದಿಂದಲೇ ಇಲ್ಲಿ ನಾಟಕದ ಶಾಲೆ ತೆರೆದನಂತೆ. ಪ್ರಜೆಗಳ ಹಣದಿಂದ ನಡೆಯುವ ಶಾಲೆಯ ಆಟವನ್ನು ಪ್ರಜೆಗಳು ಕುಳಿತು ನೋಡಲೇಬೇಕು ಎಂಬುದು ಅವನ ಕಟ್ಟಳೆ. ಪ್ರತಿ ವರ್ಷ ಯುಗಾದಿಯ ಮುಂಚೆ ಗುಡ್ಡದ ಮೇಲೆ ಪೂರ್ಣ ನಾಟಕವಾಡಬೇಕು, ಅಧಿಕಾರಿಯ ಕಣ್ಣೆದುರು ನೂರು ಜನರಾದರೂ ಕೊನೆಯವರೆಗೆ ಕುಳಿತಿರಬೇಕು. ಇಲ್ಲದಿದ್ದರೆ ಶಾಲೆ ಯಾರಿಗೂ ಬೇಡವೆಂದು ತಿಳಿದು ಬಾಗಿಲು ಹಾಕಬೇಕು. ದೊರೆ ತೀರಿಕೊಂಡ ಮೇಲೆ ಆಡಳಿತ ಕಾರಭಾರಿ ತ್ರಿಂಬಕರಾಯರ ಕೈಗೆ ಬಂತು. ಅವರು ನಾಟಕ ನೋಡುವವರಲ್ಲ, ಕಾಗದ ನೋಡುವವರು. ಆಗ ಶಾಲೆ ನಡೆಸುತ್ತಿದ್ದವಳು ಹೂವಕ್ಕ. ಅವಳು ಮೊದಲು ಅದೇ ಶಾಲೆಯ ಕಸ ಹೊಡೆಯುತ್ತಿದ್ದಳು. ಪಾತ್ರದ ಮಾತು ಬರೆದು ಎಸೆದ ಹಾಳೆಗಳನ್ನು ಆಯ್ದು, ಕೇಳಿದ ಮಾತನ್ನೂ ಕಂಡ ಅಕ್ಷರವನ್ನೂ ಜೋಡಿಸಿ ಜೋಡಿಸಿ ಓದಲು ಕಲಿತಳು. ಹತ್ತು ವರ್ಷದಲ್ಲಿ ಅವಳೇ ಪಾಠ ಹೇಳುವವಳಾದಳು, ಇಡೀ ಊರು ಅವಳನ್ನು ಅಕ್ಕಾರು ಎಂದು ಕರೆಯುವಂತಾಯಿತು. ಯಾರೋ ಕೊಟ್ಟ ಹೆಸರಲ್ಲ ಅದು, ಅವಳು ದುಡಿದು ಪಡೆದದ್ದು.

ಆಟದ ದಿನ ಬೆಳಿಗ್ಗೆಯೇ ಜನ ಗುಡ್ಡಕ್ಕೆ ಬಂದು, ತಾವು ಕೂರಬೇಕಾದ ಕಡೆ ಒಂದು ಕಲ್ಲು ಇಟ್ಟು ಹೋಗುವ ರೂಢಿ ಊರಲ್ಲಿತ್ತು. ಹಾಗೆ ಹಿಡಿದ ಜಾಗದಲ್ಲಿ ದೇಸಾಯಿ ಬಂದರೂ ಕೂರುವಂತಿರಲಿಲ್ಲ. ಒಮ್ಮೆ ಒಬ್ಬನ ಕಲ್ಲನ್ನು ಇನ್ನೊಬ್ಬ ಸರಿಸಿ ಹೊಡೆದಾಟವಾಯಿತು. ದೂರು ಕಾರಭಾರಿಯವರ ತನಕ ಹೋಗಿ, ಅವರು ಕೊಟ್ಟ ತೀರ್ಪನ್ನು ಚಾವಡಿಯ ಗೋಡೆಗೆ ಅಂಟಿಸಿದರು. ಜನ ಅದನ್ನು ಕಂಡರು, ಮರೆತರು. ಹೂವಕ್ಕ ಮಾತ್ರ ನಿಂತು ಓದಿ, ಪಾತ್ರದ ಹಾಳೆಯೊಂದರ ಹಿಂಬದಿಗೆ ಅಕ್ಷರ ಬಿಡದೆ ಇಳಿಸಿಕೊಂಡಳು.

ಮುಂದೊಂದು ವರ್ಷ ಊರಿಗೆ ಪ್ಲೇಗು ಬಂತು. ಮನೆಗಳ ಜಂತಿಯಿಂದ ಇಲಿಗಳು ಉದುರಿದವು. ಜನ ಬಾಗಿಲಿಗೆ ಮುಳ್ಳು ಬಡಿದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಒಂದು ಗುಡಿಸಲಿನವರು ಇನ್ನೊಂದರ ಹತ್ತಿರ ಸುಳಿಯಬಾರದು, ಐವರಿಗಿಂತ ಹೆಚ್ಚು ಜನ ಸೇರಬಾರದು ಎಂದು ಕಾರಭಾರಿಯವರ ಹುಕುಂ ಬಂತು. ಅದರ ಬೆನ್ನಿಗೇ ಇನ್ನೊಂದು ಕಾಗದ: ವಾಡಿಕೆಯಂತೆ ಆಟ ಆಗಬೇಕು, ನೂರು ಜನ ಕೂರಬೇಕು. ಗುಡ್ಡದ ಬುಡದ ಶಾಲೆಯಲ್ಲಿ ಆಗ ಒಂಬತ್ತು ಮಂದಿ ವಿದ್ಯಾರ್ಥಿಗಳಿದ್ದರು, ಎಲ್ಲರೂ ದೂರದ ಊರುಗಳವರು. ಬಾಗಿಲು ಹಾಕಿದರೆ ಅವರು ಬಯಲಿಗೆ ಬೀಳಬೇಕು. ಪ್ಲೇಗಿನ ಊರಿಂದ ಬಂದವರನ್ನು ಯಾವ ಹಳ್ಳಿಯೂ ಅಗಸೆ ಬಾಗಿಲೊಳಗೆ ಬಿಡುತ್ತಿರಲಿಲ್ಲ. ಹಾಗೆ ಹೊರಟವರು ದಾರಿಯಲ್ಲೇ ಸತ್ತುಬಿದ್ದದ್ದನ್ನು ಎಲ್ಲರೂ ಕಂಡಿದ್ದರು. ಹೂವಕ್ಕ ಎರಡು ದಿನ ನಡೆದು ಕಾರಭಾರಿಯವರ ಕಚೇರಿಗೆ ಹೋಗಿ ಅಂಗಳದಲ್ಲಿ ನಿಂತಳು.

“ಎರಡೂ ಹುಕುಂ ನಿಮ್ಮವ ರೀ ಸಾಹೇಬ್ರ. ಒಂದು ಮಂದಿ ಕೂಡಬಾರದು ಅಂತೈತಿ, ಒಂದು ಕೂಡಬೇಕು ಅಂತೈತಿ. ಯಾವುದಕ್ಕ ತಲಿ ಬಾಗಲಿ?”

“ಎರಡಕ್ಕೂ ಬಾಗವ್ವಾ. ನಿನಗ ತಲಿ ಒಂದ ಅದ, ಅದು ನನ್ನ ತಪ್ಪಲ್ಲ,” ಎಂದರಂತೆ ಅವರು.

ಅವಳು ಅಳಲಿಲ್ಲ ಎನ್ನುತ್ತಾರೆ. ದಾರಿಯುದ್ದಕ್ಕೂ ಅತ್ತಳು ಎಂದೂ ಒಬ್ಬರು ಹೇಳಿದರು. ಅತ್ತಿದ್ದರೂ ನಡೆಯುವುದನ್ನು ನಿಲ್ಲಿಸಿರಲಿಕ್ಕಿಲ್ಲ. ಊರಿಗೆ ಬಂದವಳೇ ಒಂಬತ್ತು ಮಂದಿಯನ್ನು ನಾಲ್ವರಂತೆ ಸರದಿಯಲ್ಲಿ ಕರೆದುಕೊಂಡು ಹೊಲ ಹೊಲ ತಿರುಗಿದಳು. ಗುಡಿಸಲಿನಿಂದ ಇಪ್ಪತ್ತು ಮಾರು ದೂರ ನಿಂತು, ಆಟಕ್ಕೆ ನೀವು ಬರುವಂತಿಲ್ಲ, ನಿಮ್ಮ ಕಲ್ಲು ಕೊಡಿ ಎಂದು ಕೂಗಿದಳು. ಬದುಕುವುದೇ ಖಾತ್ರಿಯಿಲ್ಲದ ಜನ ಬಯ್ಯುತ್ತಾರೆ ಎಂದುಕೊಂಡಿದ್ದಳು. ಕೆಲವರು ಬಯ್ದರು ಕೂಡ. ಆದರೆ ಬಯ್ಯುತ್ತಲೇ ಕಲ್ಲು ಉರುಳಿಸಿದರು. ಕುಂಬಾರ ಓಣಿಯ ನೀಲವ್ವನೆಂಬ ಮುದುಕಿ ತನ್ನ ಗುಡಿಸಲಿನ ಮುಂದೆ ಐದು ಕಲ್ಲು ಸಾಲಾಗಿಟ್ಟು ಕಾದಿದ್ದಳು.

“ಒಂದು ನಂದು. ನಾಕು ನಮ್ಮ ಮನ್ಯಾಗ ಹೋದವರ‍್ವು,” ಎಂದಳು.

ಕಲ್ಲು ಎತ್ತಲು ಬಂದ ವಿದ್ಯಾರ್ಥಿನಿ ದ್ಯಾಮವ್ವ ಅಲ್ಲೇ ನಿಂತಳು. ಆ ವರ್ಷದ ಆಟದಲ್ಲಿ ಅವಳದು ರಾಣಿಯ ಪಾತ್ರ. “ಆಯೀ, ಹೋದವರು ಹ್ಯಾಂಗ ಬರ‍್ತಾರ?”

“ಇದ್ದಾಗ ಮುಂದಿನ ಸಾಲು ಬಿಟ್ಟು ಕುಂತವರಲ್ಲವ್ವಾ ಅವರು. ಈಗ ಅವರ ಜಾಗಾ ನಾ ಹ್ಯಾಂಗ ಬಿಟ್ಟುಕೊಡ್ಲಿ? ಸುಮ್ನ ಎತ್ತು. ರಾಣಿ ಆಗಾಕಿ, ಕಲ್ಲು ಎತ್ತಾಕ ಬೆನ್ನು ನೋಯ್ತೈತೇನು?”

ಎಂಟು ದಿನ ಅವರು ಕಲ್ಲು ಹೊತ್ತರು. ಆಟದ ದಿನ ಮಧ್ಯಾಹ್ನ ಕಾರಭಾರಿಯವರು ಮೂಗಿಗೆ ಕರ್ಪೂರದ ಬಟ್ಟೆ ಹಿಡಿದು, ಮೀರಾಸಾಬನೆಂಬ ಜವಾನನೊಂದಿಗೆ ಗುಡ್ಡ ಹತ್ತಿದರು. ಅವರಿಗೆ ಕಂಡದ್ದು ನಾನೂರಕ್ಕೂ ಮೀರಿದ ಕಲ್ಲುಗಳು. ಮಂದಿ ಎಲ್ಲಿ ಎಂದು ಕೇಳಿದರು. ಕುಳಿತಿದ್ದಾರೆ ಎಂದಳು ಹೂವಕ್ಕ. ಕಲ್ಲಿಗೆ ಕಣ್ಣುಂಟೇ ಎಂದು ಅವರು ಸಿಟ್ಟಾದಾಗ, ಅವಳು ಸೆರಗಿನ ಗಂಟಿನಿಂದ ಹಾಳೆ ಬಿಚ್ಚಿ ಅವರದೇ ತೀರ್ಪನ್ನು ಓದಿದಳು: ಆಟಕ್ಕೆ ಕಲ್ಲು ಇಟ್ಟವನು ಅಲ್ಲಿ ಕುಳಿತಂತೆಯೇ ಎಂದು ತಿಳಿಯತಕ್ಕದ್ದು. ಕಾರಭಾರಿಯವರು ಬಾಗಿ ಹಾಳೆ ನೋಡಿದರು. ಆಮೇಲೆ ನಕ್ಕರು.

“ಓದಲಿಕ್ಕೆ ಬರ‍್ತದಂತ ಅರ್ಧಾ ಓದಬ್ಯಾಡ. ಮುಂದಿನ ಸಾಲು ಓದು.”

ಮುಂದಿನ ಸಾಲೂ ಅವಳ ಹಾಳೆಯಲ್ಲಿತ್ತು. ಮರೆಮಾಡದೆ ಅದನ್ನೂ ಓದಿದಳು: ಇದು ಆಟ ಮುಗಿಯುವವರೆಗೆ ಮಾತ್ರ, ಮುಗಿದ ಮೇಲೂ ಬಾರದಿದ್ದರೆ ಅವನು ಬಂದಿಲ್ಲವೆಂದೇ ತಿಳಿಯತಕ್ಕದ್ದು. ಮಂಗಳ ಹಾಡಿದ ಕೂಡಲೇ ಮನುಷ್ಯರನ್ನು ಎಣಿಸುತ್ತೇನೆ, ಇಲ್ಲದಿದ್ದರೆ ಶಾಲೆಯ ಕೀಲಿ ತೆಗೆದುಕೊಂಡೇ ಹೋಗುತ್ತೇನೆ ಎಂದು ಹೇಳಿ ಅವರು ಕುರ್ಚಿಯಲ್ಲಿ ಕುಳಿತರು.

ಆಟ ನಡೆಯಿತು. ಊರು ಕಳೆದುಕೊಂಡ ರಾಜ ರಾಣಿಯರು ಊರನ್ನು ಹುಡುಕುವ ಕಥೆ ಅದು. ಕಲ್ಲುಗಳ ಎದುರು ನಗಿಸುವ ಮಾತು ಆಡಿದಾಗ ನಗು ಬರಲಿಲ್ಲ, ಅಳಿಸುವ ಮಾತಿಗೆ ಮೂಗು ಸೀಟುವ ಸದ್ದಿಲ್ಲ. ಕೊನೆಯ ದೃಶ್ಯ ಹತ್ತಿರ ಬಂತು. ಪರದೆಯ ಹಿಂದೆ ಮಂಗಳಕ್ಕೆ ತಾಳ ಹಿಡಿದು ನಿಂತವರ ಕೈಯಿಂದ ಹೂವಕ್ಕ ತಾಳ ಕಸಿದುಕೊಂಡಳು.

“ಮಂಗಳ ಹಾಡಬ್ಯಾಡ್ರಿ.”

“ಮತ್ತೇನು ಹಾಡೂಣ್ರಿ ಅಕ್ಕಾರ?”

“ಅದೊಂದು ಬಿಟ್ಟು ಏನರ ಹಾಡ್ರಿ. ನಿಲ್ಲಿಸಬ್ಯಾಡ್ರಿ.”

ಹೊತ್ತು ಮುಳುಗಿತು. ರಾಜ ರಾಣಿಯರು ಇನ್ನೂ ಊರು ಹುಡುಕುತ್ತಿದ್ದರು. ಆಟ ಮುಗಿದಿಲ್ಲವಾದ್ದರಿಂದ ಜನ ಬಂದಿಲ್ಲವೆಂದು ಬರೆಯುವಂತಿರಲಿಲ್ಲ. ಕಾರಭಾರಿಯವರು ತಮ್ಮ ಕಾಗದಕ್ಕೆ ತಾವೇ ಸಿಕ್ಕಿಬಿದ್ದಿದ್ದರು. ಪ್ಲೇಗಿನ ಸೀಮೆಯಲ್ಲಿ ಉಳಿಯಲು ಅವರಿಗೆ ಧೈರ್ಯವಿರಲಿಲ್ಲ. ಮಂಗಳ ಕೇಳಿದೊಡನೆ ಬಂದು ತಿಳಿಸು ಎಂದು ಮೀರಾಸಾಬನನ್ನು ಕಟ್ಟೆಯ ಪಕ್ಕದಲ್ಲಿ ಬಿಟ್ಟು ಹೋದರು. ಅವನು ದಿನಕ್ಕೊಂದು ಚೀಟಿ ಕಳಿಸಬೇಕಿತ್ತು. ಒಂಬತ್ತು ಮಂದಿ ಸರದಿಯಲ್ಲಿ ಕಟ್ಟೆ ಕಾದರು. ಕತ್ತಲಾದ ಮೇಲೆ ರಾಜನ ವೇಷದವನು ಕಟ್ಟೆಯ ಮೇಲೇ ಮಲಗುತ್ತಿದ್ದ.

“ಇದೇನ್ರೀ ಅಕ್ಕಾರ, ರಾಜಾ ಎಷ್ಟೊತ್ತು ಮಲಗ್ತಾನ?” ಎಂದ ಮೀರಾಸಾಬ.

“ಬೆಳಗಾಗೂ ತನಕ. ರಾಜಾ ಅಲ್ಲೇನು, ಯಾರು ಎಬ್ಬಸ್ತಾರ?”

ಮೀರಾಸಾಬ ನಕ್ಕ. ಅವನು ಆ ಗುಡ್ಡದ ಮೇಲೆ ನಕ್ಕದ್ದು ಅದೊಂದೇ ಸಲವಂತೆ. ವಾರಗಳು ಕಳೆದವು. ಬರೆದ ಮಾತು ಮುಗಿಯಿತು, ಗೊತ್ತಿದ್ದ ಹಾಡು ಮುಗಿಯಿತು. ಗಂಟಲು ಒಡೆದವರು ಬರೀ ಕೈಸನ್ನೆಯಲ್ಲಿ ಆಡಿದರು. ಮೂವತ್ತೊಂದನೆಯ ದಿನ ದ್ಯಾಮವ್ವನ ಕಂಕುಳಲ್ಲಿ ಗಂಟು ಎದ್ದಿತು. ಮೂರನೆಯ ದಿನ ಅವಳು ಹೋದಳು. ಹೂವಕ್ಕ ಮಣ್ಣು ಕೊಟ್ಟು ಬಂದಾಗ ಕಟ್ಟೆಯ ಮೇಲೆ ರಾಜ ಒಬ್ಬನೇ ಕುಳಿತು ಎದೆ ಬಡಿದುಕೊಂಡು ಅಳುತ್ತಿದ್ದ. ಇದು ಆಟವೋ, ಖರೆಯೋ ಎಂದು ಮೀರಾಸಾಬ ಕೇಳಿದ. ಅವನು ಆ ದಿನದ ಚೀಟಿಯಲ್ಲಿ ಹೀಗೆ ಬರೆಸಿದನಂತೆ: ರಾಣಿ ಸತ್ತಳು, ಆಟ ನಡೆದಿದೆ. ಮರುದಿನ ಹೂವಕ್ಕ ತಾನೇ ರಾಣಿಯ ಸೀರೆ ಉಟ್ಟು ಕಟ್ಟೆ ಹತ್ತಿದಳು. ಮಾತು ಹೊಳೆಯದಾದಾಗ ಎದುರಿನ ಕಲ್ಲುಗಳನ್ನೇ ನೋಡಿ, ಅವುಗಳನ್ನು ಕೊಟ್ಟ ಮನೆಯವರ ಹೆಸರನ್ನು ಒಂದೊಂದಾಗಿ ಕೂಗಿ ಮಾತಾಡಿಸಿದಳು. ಯಾರು ಬದುಕಿದ್ದಾರೆ, ಯಾರಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಮಳೆ ಬಿದ್ದ ಮೇಲೆ ಬೇನೆ ಇಳಿಯಿತು. ಜನ ಮುಳ್ಳು ಕಿತ್ತು ಮನೆ ಹೊಕ್ಕರು, ಮಾರನೆಯ ದಿನ ಯಾರೂ ಕರೆಯದೆ ಗುಡ್ಡ ಹತ್ತಿದರು. ಕಾರಭಾರಿಯವರೂ ಬಂದರು. ಪ್ರತಿಯೊಬ್ಬರೂ ತಮ್ಮ ಕಲ್ಲು ಹುಡುಕಿ ಅದರ ಮೇಲೆ ಕುಳಿತರು. ಎಣಿಕೆ ನೂರು ದಾಟಿ ಇನ್ನೂರನ್ನೂ ದಾಟಿತು. ಶಾಲೆಯ ಕೀಲಿ ಹೂವಕ್ಕನ ಹತ್ತಿರವೇ ಉಳಿಯಿತು. ಇನ್ನು ಮಂಗಳ ಹಾಡಿ ಮುಗಿಸವ್ವಾ, ನೀ ಗೆದ್ದಿ ಎಂದರು ಕಾರಭಾರಿಯವರು. ಹೂವಕ್ಕ ಸಾಲುಗಳನ್ನು ನೋಡಿದಳು. ಹೆಚ್ಚು ಕಡಿಮೆ ಅರ್ಧ ಕಲ್ಲುಗಳ ಮೇಲೆ ಯಾರೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ನೀಲವ್ವನ ಐದೂ ಕಲ್ಲು ಬರಿದಾಗಿದ್ದವು.

“ಹ್ಯಾಂಗ ಹಾಡ್ಲಿ ಸಾಹೇಬ್ರ? ಹಾಡಿದ್ರ ಇವರು ಬಂದೇ ಇಲ್ಲಂತ ಆಕ್ಕೈತಲ್ರಿ. ನಿಮ್ಮ ಕಾಗದದಾಗ ಹಂಗ ಐತಿ.”

ಮೀರಾಸಾಬ ಎಲ್ಲಿಂದಲೋ ಒಂದು ಕಲ್ಲು ಹೊತ್ತು ತಂದು ನೀಲವ್ವನ ಸಾಲಿನ ಪಕ್ಕದಲ್ಲಿಟ್ಟ. ಅದು ದ್ಯಾಮವ್ವನದು ಎಂದು ಅವನು ಹೇಳಬೇಕಾಗಿರಲಿಲ್ಲ.

ಸಂಸ್ಥಾನ ಹೋಯಿತು, ಸರಕಾರ ಬಂತು. ಶಾಲೆಯ ಬಾಗಿಲು ಒಂದು ದಿನವೂ ಮುಚ್ಚಿಲ್ಲ ಎಂದು ಊರವರು ಹೇಳುತ್ತಾರೆ. ಕೆಳಗಿನ ರಂಗಮಂದಿರದಲ್ಲಿ ಆಡಿದ ಆಟಕ್ಕೆ ಮಂಗಳ ಉಂಟು. ಗುಡ್ಡದ ಮೇಲೆ ಇಲ್ಲ. ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಮೊದಲ ದಿನ ಮೇಲೆ ಹತ್ತಿ, ಕಟ್ಟೆಯ ಮೇಲೆ ನಿಂತು ಒಂದೊಂದು ಮಾತು ಆಡಿ, ಮುಗಿಸದೆ ಇಳಿದು ಬರುತ್ತಾರೆ. ಇಂದಿಗೂ ಅಲ್ಲಿಗೆ ಹೋದವರು ಬಿಸಿಲಿಗೆ ಬಸವಳಿದು ಮುಂದಿನ ಸಾಲಿನ ಕಲ್ಲಿನ ಮೇಲೆ ಕೂರಲು ಬಾಗಿದರೆ, ಗುಡ್ಡ ತೋರಿಸಲು ಬಂದ ವಿದ್ಯಾರ್ಥಿನಿ ಮೆಲ್ಲಗೆ ತಡೆಯುತ್ತಾಳೆ: “ಸ್ವಲ್ಪ ಈಕಡೆ ಕೂಡ್ರಿ. ಅಲ್ಲಿ ಮಂದಿ ಕುಂತಾರ.”