ಮಲಗಿದ್ದ ಹೊಲ

"ಗುರುವೇ, ಕೈಯಲ್ಲಿರುವುದು ಕೈತಪ್ಪಬಾರದು ಎಂದರೆ ಏನು ಮಾಡಬೇಕು?" ಎಂದು ಹಾಲಪ್ಪ ಎಂಬ ಶಿಷ್ಯ ಕೇಳಿದ.

"ಮೆಕ್ಸಿಕೋ ಸೀಮೆಯಲ್ಲಿ ಒಬ್ಬ ರೈತನಿದ್ದ," ಎಂದರು ಗುರುಗಳು. "ಅವನ ಹೊಲದ ಮುಸುಕಿನ ಜೋಳವನ್ನು ನಾನೇ ತಿಂದಿದ್ದೇನೆ. ಒಂದೊಂದು ತೆನೆ ನನ್ನ ಮೊಳದುದ್ದ. ಹಡಗಿನಲ್ಲಿ ನನ್ನ ಜೊತೆಗೆ ಬಂದಿದ್ದವರು ಇಬ್ಬರು. ಇಬ್ಬರೂ ತೀರಿಕೊಂಡರು, ಪಾಪ. ಇಲ್ಲದಿದ್ದರೆ ನೀವು ಅವರನ್ನೇ ಕೇಳಬಹುದಿತ್ತು."

ಶಿಷ್ಯರು ಮುಸಿಮುಸಿ ನಕ್ಕರು. ಗುರುಗಳು ಕತೆ ಹಿಡಿದರು.

ಆ ಸೀಮೆಯಲ್ಲಿ ಎರಡು ವರ್ಷ ಬೆಳೆದ ಹೊಲವನ್ನು ಮೂರನೆಯ ವರ್ಷ ಬಿತ್ತದೆ ಮಲಗಿಸುವುದು ವಾಡಿಕೆ. ಹೆತ್ತವಳಿಗೆ ಬಾಣಂತನ ಬೇಡವೇ ಎನ್ನುತ್ತಿದ್ದರು. ಮಲಗಿದ ಹೊಲಕ್ಕೆ ಯಾರೂ ಕಾಲಿಡುತ್ತಿರಲಿಲ್ಲ. ಬೇಲಿಯೂ ಇರಲಿಲ್ಲ. ದನವನ್ನೇ ಕಾಣದ ನಾಡಿಗೆ ಬೇಲಿ ಏತಕ್ಕೆ?

ಸ್ಪೇನಿನವರು ಬಂದರು. ಹಳೆಯ ಪಟ್ಟಣವನ್ನು ಕೆಡವಿ ಅದೇ ಕಲ್ಲಿನಿಂದ ಹೊಸ ಪಟ್ಟಣ ಕಟ್ಟಿದರು. ಪಟ್ಟಣಕ್ಕೆ ಮಾಂಸ ಬೇಕಾಯಿತು. ಹಡಗಿನಿಂದ ದನ ಇಳಿದವು, ಕುರಿ ಇಳಿದವು. ಒಬ್ಬ ಸಾಹುಕಾರನ ಮಂದೆ ಎಷ್ಟು ದೊಡ್ಡದೆಂದರೆ, ಅದರ ತಲೆ ರೈತನ ಊರು ಮುಟ್ಟಿದಾಗ ಬಾಲ ಇನ್ನೂ ಪಟ್ಟಣದ ಬಾಗಿಲಲ್ಲೇ ಇರುತ್ತಿತ್ತು.

ಒಂದು ದಿನ ಕಾಗದ ಹಿಡಿದ ಅಧಿಕಾರಿಯೊಬ್ಬ ರೈತನ ಹೊಲದ ಬದುವಿಗೆ ಬಂದ.

"ಇಲ್ಲಿ ಯಾರು ಬಿತ್ತಿದ್ದಾರೆ?"

"ಈ ವರ್ಷ ಯಾರೂ ಇಲ್ಲ ಸ್ವಾಮಿ. ಹೊಲ ಮಲಗಿದೆ. ಸ್ವಲ್ಪ ಮೆಲ್ಲಗೆ ಮಾತಾಡಿ."

ಅಧಿಕಾರಿ ನಕ್ಕ. ಯಾರದೂ ಅಲ್ಲದ ಪಾಳುನೆಲ ಎಂದು ಬರೆದುಕೊಂಡ. ಮರುವಾರ ಅದು ಸಾಹುಕಾರನ ಹುಲ್ಲುಗಾವಲಾಯಿತು.

ರೈತನಿಗೆ ಇನ್ನೊಂದು ಹೊಲವಿತ್ತು. ಮುಂದಿನ ವರ್ಷ ಅದು ಮಲಗಬೇಕಾದ ಸರದಿ. "ಮಲಗಿಸಬೇಡಿ, ಹೊತ್ತುಕೊಂಡು ಹೋಗುತ್ತಾರೆ," ಎಂದಳು ಹೆಂಡತಿ. ಅವನು ಬಿತ್ತಿದ. ಅದರ ಮುಂದಿನ ವರ್ಷವೂ ಬಿತ್ತಿದ. ಅಧಿಕಾರಿ ಬಂದಾಗಲೆಲ್ಲ ಹಸಿರು ತೋರಿಸಿದ. ಅವನನ್ನು ನೋಡಿ ಊರಿಗೆ ಊರೇ ಹಾಗೆ ಬಿತ್ತಿತು.

ಏಳನೆಯ ವರ್ಷ ತೆನೆ ಹೆಬ್ಬೆರಳಿನಷ್ಟಾಯಿತು. ಮೇಲಿನ ಗುಡ್ಡದ ಹುಲ್ಲನ್ನು ಕುರಿಗಳು ಬೇರುಸಹಿತ ಕಿತ್ತು ತಿಂದಿದ್ದವು. ಮಳೆ ಹೊಡೆಯಿತು, ಸೋತ ಮಣ್ಣು ನಿಲ್ಲಲಿಲ್ಲ. ಹತ್ತನೆಯ ವರ್ಷ ಬಿಳಿಯ ಗಟ್ಟಿನೆಲವೊಂದೇ ಉಳಿಯಿತು. ರೈತ ಅದರ ಮೇಲೆ ಬೋರಲಾಗಿ ಕಿವಿಯಿಟ್ಟ. ಉಸಿರಿರಲಿಲ್ಲ.

ಅಧಿಕಾರಿ ಬಂದು ನೋಡಿದ. "ಈಗಲೂ ಮಲಗಿದೆಯೇನಪ್ಪ?"

"ಇಲ್ಲ ಸ್ವಾಮಿ. ನಿದ್ದೆಗೆಡಿಸಿ ನಾನೇ ಕೊಂದೆ."

ಆಮೇಲೆ ಅಲ್ಲಿ ಯಾರೂ ಬಿತ್ತಲಿಲ್ಲ. ಒಬ್ಬೊಬ್ಬರೇ ಎದ್ದು ಹೋದರು. ಊರಿನ ಹೆಸರೂ ಉಳಿಯಲಿಲ್ಲ.

"ಇದಾಗಿ ಐನೂರು ವರ್ಷದ ಹತ್ತಿರ," ಎಂದು ಗುರುಗಳು ನಿಲ್ಲಿಸಿದರು.

ಹಾಲಪ್ಪ ತನ್ನ ಪ್ರಶ್ನೆಯನ್ನೇ ಮರೆತು ಬೆರಳು ಮಡಿಸುತ್ತಿದ್ದ. "ಐನೂರು ವರ್ಷವೇ! ಹಾಗಾದರೆ ಗುರುವೇ, ಅವನ ಹೊಲದ ತೆನೆಯನ್ನು ನೀವು ತಿಂದದ್ದು ಯಾವಾಗ? ಸಿಕ್ಕಿಬಿದ್ದಿರಿ!"

ಎಲ್ಲರೂ ಗೊಳ್ಳೆಂದು ನಕ್ಕರು. ಗುರುಗಳು ಹೆಗಲ ಮೇಲಿನ ವಸ್ತ್ರವನ್ನು ಕೊಡವಿ ಮತ್ತೆ ಹಾಕಿಕೊಂಡರು.

"ತಿಂದೆ ಎಂದು ನಾನೂ ಹೇಳದೆ ಹೋದರೆ, ಅಲ್ಲಿ ಜೋಳ ಬೆಳೆಯುತ್ತಿತ್ತು ಎನ್ನುವುದಕ್ಕೆ ಇನ್ನು ಯಾರಿದ್ದಾರೆ, ಹಾಲಪ್ಪ?"