ಯಂತ್ರದ ಪೂಜೆಯ ತೀರ್ಥ

ಒಂದು ಪುರಸಭೆಯಲ್ಲಿ ಒಬ್ಬ ಗುಮಾಸ್ತರಿದ್ದರು. ಚರಂಡಿ ನೀರು ಶುದ್ಧ ಮಾಡುವ ಹೊಸ ಯಂತ್ರಗಳನ್ನೆಲ್ಲ ನೋಡಿ, ಯಾವುದು ಒಳ್ಳೆಯದೆಂದು ವರದಿ ಬರೆಯುವ ಕೆಲಸ ಅವರದು. ಆದರೆ ಅಧ್ಯಕ್ಷ ರುದ್ರಮುನಿಯಪ್ಪ ಬೇರೆ ಯಂತ್ರಗಳನ್ನು ನೋಡಲು ಬಿಡಲಿಲ್ಲ.

"ನನ್ನ ಭಾವಮೈದುನನ ಯಂತ್ರವೇ ಉತ್ತಮ. ಅದರ ನೀರನ್ನು ಊರಿನ ಕುಡಿಯುವ ನೀರಿನ ಟ್ಯಾಂಕಿಗೇ ಬಿಡಬಹುದು ಅಂತ ಬರಿ. ಪರೀಕ್ಷೆ ಗಿರೀಕ್ಷೆ ಬೇಡ. ಇಲ್ಲವಾದರೆ ನಾಳೆಯೇ ನಿನಗೆ ವರ್ಗ!"

"ಪೂಜೆ ಮುಗಿಯಲಿ ಸ್ವಾಮಿ, ಬರೀತೀನಿ" ಎಂದರು ಗುಮಾಸ್ತರು.

ಹೊಸ ಯಂತ್ರ ಬಂದರೆ ಮೊದಲು ಪೂಜೆ ಮಾಡುವುದು ನಮ್ಮಲ್ಲಿ ರೂಢಿ. ಪೂಜೆಯಾದ ಮೇಲೆ ಎಲ್ಲರೂ ತೀರ್ಥ ಕುಡಿಯಬೇಕು. ಭಾವಮೈದುನನ ಯಂತ್ರಕ್ಕೂ ಪೂಜೆ ಮುಗಿಯಿತು; ಅರ್ಚಕರು ಅಧ್ಯಕ್ಷರ ಅಂಗೈಗೆ ತೀರ್ಥ ಹಾಕಿದರು. ಅಂಗೈ ತುಟಿಯ ಹತ್ತಿರ ಬಂತು.

"ತೀರ್ಥದ ತಂಬಿಗೆಗೆ ಯಂತ್ರದ ನೀರನ್ನೇ ತುಂಬಿಸಿಟ್ಟಿದ್ದೀನಿ ಸ್ವಾಮಿ. ಊರಿಗೆಲ್ಲ ಮೊದಲು ತಾವೇ ಕುಡಿದ ಹಾಗಾಯಿತು" ಎಂದರು ಗುಮಾಸ್ತರು.

ಅಧ್ಯಕ್ಷರ ಕೈ ಅಲ್ಲೇ ನಿಂತಿತು. ನೀರು ಜುಬ್ಬಾದ ಮೇಲೆ ಚೆಲ್ಲಿತು. ಪಕ್ಕದಲ್ಲೇ ನಿಂತಿದ್ದ ಭಾವಮೈದುನನ ಕಡೆ ನೋಡಿದರೆ, ಅವನು ತೀರ್ಥಕ್ಕೆ ಚಾಚಿದ್ದ ಕೈಯನ್ನು ಆಗಲೇ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದ!

"ಅಯ್ಯೋ ಪಾಪಿ! ಪರೀಕ್ಷೆ ಮಾಡಿಸದೆ ಇದನ್ನು ಯಾರಾದರೂ ಬಾಯಿಗೆ ಹಾಕ್ತಾರೇನೋ?" ಎಂದು ಅಧ್ಯಕ್ಷರು ಎಲ್ಲರೆದುರೇ ಕಿರುಚಿದರು.

"ಹಾಗೇ ಬರೀತೀನಿ ಸ್ವಾಮಿ" ಎಂದ ಗುಮಾಸ್ತರು, ತಾವು ಮಾತ್ರ ನೆಮ್ಮದಿಯಾಗಿ ತೀರ್ಥ ಕುಡಿದು ಕೈಯನ್ನು ತಲೆಗೆ ಒರೆಸಿಕೊಂಡರು. ಅದು ಅವರ ಮನೆಯ ಬಾವಿ ನೀರು.