ಬೀಗರ ಸ್ಟ್ರಾಂಗ್ ಕಾಫಿ

ಕುದಿಯುವ ಹಾಲು ಮುಟ್ಟಿ ಆಣೆ ಮಾಡುತ್ತೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಹಾಸನದ ಬಸ್ ಸ್ಟ್ಯಾಂಡಿನ ಎದುರು ವಜ್ರಕುಮಾರರ ಕಾಫಿ ಅಂಗಡಿ. ಒಂದು ಬೆಳಿಗ್ಗೆ ಯಜಮಾನರು ಎಲ್ಲಿಯದೋ ಭಾಷಣ ಕೇಳಿಕೊಂಡು ಬಂದು ಅಪ್ಪಣೆ ಹೊರಡಿಸಿದರು. "ಇವತ್ತಿನಿಂದ ಪೈಪೋಟಿ! ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಕೂಡದು. ಮುಂದೆ ಬಂದವರ ಫೋಟೊ ಗೋಡೆಗೆ, ಹಿಂದೆ ಬಿದ್ದವರು ಮನೆಗೆ!"

ಲೋಟ ತೊಳೆಯುವ ದ್ಯಾವಮ್ಮನ ಮುಖ ಬಾಡಿತು. ಮಂಡಿನೋವಿನ ಮುದುಕಿ, ಹಿಂದೆ ಬೀಳುವವಳು ಅವಳೇ. ಡಿಕಾಕ್ಷನ್ ಇಳಿಸುವ ಗುರುಸಿದ್ಧನಿಗೆ ಮೈಯೆಲ್ಲ ಉರಿಯಿತು.

"ಅಳಬೇಡ ಕಣವ್ವಾ. ಯಜಮಾನರ ಮಾತನ್ನ ಚಾಚೂ ತಪ್ಪದೆ ನಡೆಸೋಣ."

ಅಷ್ಟರಲ್ಲಿ ಯಜಮಾನರ ಹೊಸ ಬೀಗರು ಬಂದು ಕೂತರು. "ಸ್ಟ್ರಾಂಗ್ ಕಾಫಿ ತಗೊಂಬಾ!" ಎಂದರು ಯಜಮಾನರು.

ಗುರುಸಿದ್ಧ ಫಿಲ್ಟರನ್ನೇ ಎತ್ತಿ ತಂದಿಟ್ಟ. ಹಾಲು ಕಾಯಿಸುವವನು ಹಾಲಿನ ಪಾತ್ರೆ ತಂದಿಟ್ಟ. ಸಕ್ಕರೆ ಹಾಕುವವನು ಬೀಗರ ಅಂಗೈಗೇ ಸಕ್ಕರೆ ಸುರಿದ.

"ಏನೋ ಇದು? ಬೆರೆಸೋರು ಯಾರು?"

"ಬೆರೆಸಿದರೆ ಇನ್ನೊಬ್ಬರ ಕೆಲಸಕ್ಕೆ ಕೈ ಹಾಕಿದ ಹಾಗಲ್ಲವೇ, ಸ್ವಾಮಿ? ಪೈಪೋಟಿಯಲ್ಲಿ ನನ್ನ ಡಿಕಾಕ್ಷನ್ ಗೆಲ್ಲಬೇಕು. ಮೊದಲು ಅದನ್ನೇ ಕುಡಿಸಿ!"

ಮರ್ಯಾದಸ್ಥ ಬೀಗರು ಫಿಲ್ಟರ್ ಎತ್ತಿ ಒಂದು ಗುಟುಕು ಕುಡಿದೇಬಿಟ್ಟರು. ಆಮೇಲೆ ಹಾಕಿದ ಕೂಗಿಗೆ ಎದುರಿನ ಬಸ್ಸೇ ನಿಂತಿತು.

ಯಜಮಾನರು ಬೆವತುಹೋದರು. "ಲೋಟಕ್ಕೆ ಹಾಕಿ ಬೆರೆಸೋ, ಮಾರಾಯ!"

"ಲೋಟ ದ್ಯಾವಮ್ಮನದು, ಸ್ವಾಮಿ. ಅವಳು ಮನೆಗೆ ಹೋಗೋಳಲ್ಲವೇ?"

"ಯಾರೂ ಹೋಗಲ್ಲ ಕಣೋ! ಪೈಪೋಟಿ ಹಾಳಾಗಲಿ, ಎಲ್ಲಾ ಸೇರಿ ಒಂದು ಕಾಫಿ ಕೊಡ್ರೋ!"

ದ್ಯಾವಮ್ಮ ಲೋಟ ತಂದಳು, ಕುಂಟುತ್ತಾ, ನಗುತ್ತಾ.

ಇದರಲ್ಲಿ ಒಂದೇ ಒಂದು ಒಗ್ಗರಣೆ ನನ್ನದು. ಆ ಬಸ್ಸು ಕೂಗಿಗೆ ನಿಂತದ್ದಲ್ಲ. ಅದರ ಡ್ರೈವರು ಆಗಲೇ ಒಳಗೆ ಕೂತು, ತನ್ನ ಕಾಫಿ ಎಲ್ಲಿ ಎಂದು ಮೇಜು ಕುಟ್ಟುತ್ತಿದ್ದ.